ತೋಳೇ ಕಾಲಾದವರಿಗೆ ಫೋನಿನಲ್ಲಿ ವ್ಯಾಯಾಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಅಡಿಕೆ ಮರದ ಬಗ್ಗೆ ಹೇಳಬೇಕಾಗಿಲ್ಲ. ಬೇರೆ ಊರಿನ ಓದುಗರಿಗಾಗಿ ಒಂದು ಮಾತು: ನಲವತ್ತು ಐವತ್ತು ಅಡಿ ಎತ್ತರ, ಒಂದು ತೆಕ್ಕೆಯೂ ಬೇಡದ ಸಪೂರ ಕಾಂಡ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯಲು ಆ ಮಳೆಯಲ್ಲೇ ಅದನ್ನು ಹತ್ತಬೇಕು, ಕೊಟ್ಟೆ ಕಟ್ಟಲು ಹತ್ತಬೇಕು, ಆಮೇಲೆ ಕೊನೆ ಇಳಿಸಲು ಮತ್ತೆ ಹತ್ತಬೇಕು. ಹೀಗೆ ಹತ್ತುವವರನ್ನು ನಮ್ಮಲ್ಲಿ ಕೊನೆಗೌಡರು ಅನ್ನುತ್ತಾರೆ. ಒಂದು ಮರದ ತುದಿಯಲ್ಲಿ ಕುಳಿತು ತೂಗಿ ಪಕ್ಕದ ಮರ ಹಿಡಿಯುವುದನ್ನು ಕೆಳಗೆ ನಿಂತು ನೋಡಲು ಚೆಂದ. ಬಿದ್ದವರ ಮನೆಗೆ ಹೋಗಿ ನೋಡಿದರೆ ಆ ಚೆಂದ ಉಳಿಯುವುದಿಲ್ಲ.

ಬಿದ್ದವರಲ್ಲಿ ಬದುಕಿ ಉಳಿದವರ ಕತೆ ಸಾಮಾನ್ಯವಾಗಿ ಬೆನ್ನೆಲುಬಿನ ಕತೆ. ಬೆನ್ನುಹುರಿಗೆ ಪೆಟ್ಟಾದರೆ ಅದರ ಕೆಳಗಿನ ಭಾಗಕ್ಕೆ ಸುದ್ದಿ ಮುಟ್ಟುವುದಿಲ್ಲ. ಕಾಲಿಗೆ ಬಲ ಇಲ್ಲ, ಸ್ಪರ್ಶ ಇಲ್ಲ, ಮೂತ್ರದ ಮೇಲೆ ಹಿಡಿತ ಇಲ್ಲ. ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿದವರು, ಘಟ್ಟದಲ್ಲಿ ಬೈಕು ಬಿದ್ದವರು ಕೂಡ ಇದೇ ಸಾಲಿನವರು. ಈಚೆಗೆ ನೆಲದ ಮೇಲೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಒಳ್ಳೆಯದೇ. ಆದರೆ ಈಗಾಗಲೇ ಬಿದ್ದವರಿಗೆ ದೋಟಿಯಿಂದ ಏನೂ ಆಗಬೇಕಾದ್ದಿಲ್ಲ.

ಆಪರೇಷನ್ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಆಗುತ್ತದೆ. ಕೆಲವು ವಾರ ಅಲ್ಲೇ ಫಿಸಿಯೋಥೆರಪಿ. ಆಮೇಲೆ ಒಂದು ಗಾಲಿಕುರ್ಚಿ ಜೊತೆ ಮನೆಗೆ. ವ್ಯಾಯಾಮ ನಿಲ್ಲುವುದು ಇಲ್ಲಿಂದಲೇ. ಯಾಕೆ ಅಂತ ನಕ್ಷೆ ನೋಡಿದರೆ ಸಾಕು. ಶಿರಸಿಯಿಂದ ಹುಬ್ಬಳ್ಳಿ ಹೆಚ್ಚುಕಡಿಮೆ 100 ಕಿಲೋಮೀಟರ್, ಯಲ್ಲಾಪುರದಿಂದ 70. ಸಿದ್ದಾಪುರದ ಒಳಹಳ್ಳಿಯವರು ಮೊದಲು ಶಿರಸಿಗೇ ಬರಬೇಕು. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಅಂತ ನಿಮಗೆ ಗೊತ್ತು. ಕಾರು ಮಾಡಿಸಿದರೆ ಒಂದು ಸಲದ ಬಾಡಿಗೆಗೆ ವಾರದ ಕೂಲಿ ಹೋಯಿತು. ಜೊತೆಗೆ ಎತ್ತಿ ಕೂರಿಸಲು ಇಬ್ಬರು ಬೇಕು, ಆ ಇಬ್ಬರ ಕೆಲಸವೂ ಹೋಯಿತು. ಅರ್ಧ ಗಂಟೆಯ ವ್ಯಾಯಾಮಕ್ಕೆ ಒಂದು ಹಗಲು. ವಾರಕ್ಕೆ ಎರಡು ಸಲ ಹೋಗಿ ಎಂದು ಚೀಟಿಯಲ್ಲಿ ಬರೆಯುವುದು ಸುಲಭ.

ನನಗೆ ಈ ವಿಷಯ ಹತ್ತಿರವಾದದ್ದು ನನ್ನ ಸೋದರಮಾವನಿಂದ. ಮೆಣಸಿನ ಏಣಿಯಿಂದ ಬಿದ್ದವರು. ನಾನು ಬೆಂಗಳೂರಿನ ಕಂಪನಿಗೆ ಊರಿಂದಲೇ ಕೆಲಸ ಮಾಡುವವನು. ಮೂರು ವರ್ಷದಿಂದ ಹುಬ್ಬಳ್ಳಿಯ ಒಬ್ಬ ಫಿಸಿಯೋಥೆರಪಿಸ್ಟ್ ಫೋನಿನಲ್ಲೇ ಮಾವನಿಗೆ ವ್ಯಾಯಾಮ ಮಾಡಿಸುತ್ತಾರೆ. ಆಮೇಲೆ ಇನ್ನಿಬ್ಬರು ಸೇರಿದರು: ಸಿದ್ದಾಪುರ ತಾಲೂಕಿನ ಒಬ್ಬ ಕೊನೆಗೌಡರು ಮತ್ತು ಯಲ್ಲಾಪುರದ ಕಡೆಯ, ಹೊಲಿಗೆ ಮಾಡುವ ಒಬ್ಬಳು ಹುಡುಗಿ. ಸಂಪರ್ಕ ಜೋಡಿಸುವುದು, ವೀಡಿಯೊ ಕಳಿಸುವುದು ನನ್ನ ಪಾಲಿನ ಕೆಲಸ. ಮೂರೇ ಜನ, ಇದನ್ನು ಯೋಜನೆ ಅಂತೆಲ್ಲ ಕರೆಯುವ ಹಾಗಿಲ್ಲ. ಆದರೂ ದೂರದಿಂದ ಮಾಡಿಸುವ ವ್ಯಾಯಾಮ ಮಲೆನಾಡಿನಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅನ್ನುವುದು ಈ ಮೂರು ಮನೆಯಲ್ಲಿ ಚೆನ್ನಾಗಿಯೇ ಕಂಡಿದೆ.

ಮೊದಲು, ವ್ಯಾಯಾಮ ಯಾಕೆ? ಜನ ಕೇಳುವ ಪ್ರಶ್ನೆ ಒಂದೇ: 'ಇದ್ರಿಂದ ಮತ್ತೆ ನಡೀಲಿಕ್ಕೆ ಆಗ್ತದಾ?' ಬೆನ್ನುಹುರಿ ಪೂರ್ತಿ ಕೆಟ್ಟಿದ್ದರೆ ಉತ್ತರ ಇಲ್ಲ ಎಂದೇ. ಆ ಉತ್ತರ ಕೇಳಿದ ಕೂಡಲೇ ಮನೆಯವರು 'ಹಾಗಾದ್ರೆ ಎಂತಕ್ಕೆ' ಅಂದುಬಿಡುತ್ತಾರೆ. ನನ್ನ ಪ್ರಕಾರ ಪ್ರಶ್ನೆಯೇ ಬೇರೆ ಆಗಬೇಕು. ನಡೆಯುವ ಕಾಲಿಗೆ ದೊಡ್ಡ ಮೂಳೆ, ದೊಡ್ಡ ಕೀಲು, ದಪ್ಪ ಸ್ನಾಯು ಇದೆ. ಭುಜದ ಕೀಲು ಹಾಗಲ್ಲ. ಅದು ಎಲ್ಲ ದಿಕ್ಕಿಗೂ ತಿರುಗಲೆಂದು ಸಡಿಲವಾಗಿ ಜೋಡಿಸಿದ ಕೀಲು, ಮೈಭಾರ ಹೊರಲು ಆದದ್ದಲ್ಲ. ಗಾಲಿಕುರ್ಚಿಯವರು ಅದರ ಮೇಲೇ ಇಡೀ ಮೈಭಾರ ಹಾಕುತ್ತಾರೆ. ಗೌಡರ ಮನೆಯಲ್ಲಿ ಒಂದು ದಿನ ಲೆಕ್ಕ ಹಾಕಿಸಿದೆವು: ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಬಚ್ಚಲಿನ ಮಣೆಗೆ, ಮತ್ತೆ ಕುರ್ಚಿಗೆ, ಹೀಗೆ ಬೆಳಗಿಂದ ರಾತ್ರಿಗೆ 14 ಸಲ ಅವರು ತೋಳಿನಿಂದ ಮೈ ಎತ್ತಿದ್ದರು. ಗಾಲಿ ನೂಕಿದ್ದು ಲೆಕ್ಕಕ್ಕೇ ಇಲ್ಲ. ಗಾಲಿಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವರಲ್ಲಿ ಭುಜದ ನೋವು ಅತಿ ಸಾಮಾನ್ಯ. ಭುಜ ಹೋದರೆ ಅವರ ಪಾಲಿಗೆ ಎರಡನೇ ಸಲ ಕಾಲು ಹೋದ ಹಾಗೆ. ಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಲ್ಲೇ ಎಲ್ಲ. ನಮ್ಮ ಫೋನಿನ ವ್ಯಾಯಾಮ ಇಷ್ಟನ್ನು ತಪ್ಪಿಸಲಿಕ್ಕೆ.

ಗೌಡರು ಸೇರಿದಾಗ ಎಡಭುಜ ಆಗಲೇ ನೋಯುತ್ತಿತ್ತು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಮಗ ಎತ್ತಿ ಕೂರಿಸಲು ಶುರುಮಾಡಿದ್ದ. ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಗುವುದರಲ್ಲಿತ್ತು, ಅಪ್ಪ ಸ್ವಂತ ಏಳಲಾರದೆ ಹೋದರೆ ಅವನು ಹೋಗುವ ಹಾಗಿರಲಿಲ್ಲ. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೊದಲ ದಿನ ಗೌಡರು ನಕ್ಕುಬಿಟ್ಟರು. 'ಹೆಗಡೇರೆ, ಇದು ಮರ ಹತ್ತಿದ ಕೈ. ಇದಕ್ಕೆ ಕಸರತ್ತು ಹೇಳ್ಕೊಡೂದಾ?'

ಫೋನಿನ ಆ ಕಡೆಯಿಂದ ಹುಬ್ಬಳ್ಳಿಯ ಮೇಡಂ ಹೇಳಿದರು: 'ಗೌಡ್ರ, ಮರ ಹತ್ತೂವಾಗ ನಿಮ್ಮ ಕೈ ಎಳೀತಿತ್ತು. ಈಗ ಬರೇ ನೂಕೂದ ಆಗೇತ್ರಿ. ಎಳಿಯೂ ಸ್ನಾಯು ಮಲ್ಕೊಂಡುಬಿಟ್ಟಾವ.'

ಇಡೀ ವ್ಯಾಯಾಮದ ಗುಟ್ಟು ಆ ಮಾತಿನಲ್ಲಿದೆ ಅಂತ ನನಗೆ ಅನಿಸುತ್ತದೆ. ಕುರ್ಚಿ ನೂಕುವಾಗ ಎದೆಯ ಸ್ನಾಯು, ಭುಜದ ಮುಂಭಾಗ ಬಿಗಿಯಾಗುತ್ತಾ ಹೋಗುತ್ತದೆ. ಬೆನ್ನಿನ ಮೇಲ್ಭಾಗ, ಹೆಗಲ ಹಲಗೆಯನ್ನು ಹಿಡಿದಿಡುವ ಸ್ನಾಯು ಸೋಲುತ್ತದೆ. ಭುಜ ಮುಂದಕ್ಕೆ ಜಗ್ಗಿ ಬೀಳುತ್ತದೆ. ಕೂತಲ್ಲೇ ಅಡಿಕೆ ಸುಲಿಯುವುದು, ಹೊಲಿಗೆ ಹಾಕುವುದು ಎಲ್ಲ ಅದೇ ಭಂಗಿ. 'ದಿನವಿಡೀ ಕೈಯಾಡಿಸ್ತಾನೇ ಇರ್ತೇನಲ್ಲ, ಅದೇ ವ್ಯಾಯಾಮ' ಅಂತ ಹೊಲಿಗೆ ಹುಡುಗಿ ಹೇಳುತ್ತಿದ್ದಳು. ಅದು ದುಡಿಮೆ, ವ್ಯಾಯಾಮ ಅಲ್ಲ. ವ್ಯಾಯಾಮ ಅಂದರೆ ದಿನವಿಡೀ ಯಾವ ಕಡೆ ಎಳೆದಿದ್ದೆವೋ ಅದಕ್ಕೆ ಎದುರು ಕಡೆ ಎಳೆಯುವುದು.

ಹಾಗಾಗಿ ಮೊದಲನೆಯ ಪಾಠ ಕಂಬದ ಪಾಠ. ನಮ್ಮ ಕಡೆಯ ಜಗಲಿಯಲ್ಲಿ ಕಂಬಕ್ಕೆ ಬರವಿಲ್ಲ. ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕಂಬಕ್ಕೆ ಎದೆಮಟ್ಟದಲ್ಲಿ ಸುತ್ತಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಕುರ್ಚಿಯ ಬ್ರೇಕು ಹಾಕಿ, ಮೊಣಕೈ ಹಿಂದಕ್ಕೆ ಬರುವ ಹಾಗೆ ಎಳೆಯುವುದು. ಹೆಗಲ ಹಲಗೆ ಎರಡೂ ಬೆನ್ನ ನಡುವೆ ಒಂದಕ್ಕೊಂದು ತಾಗಲು ಹೊರಟ ಹಾಗೆ. ಎಂಟರಿಂದ ಹತ್ತು ಸಲ, ಸ್ವಲ್ಪ ಬಿಡುವು, ಹೀಗೆ ಮೂರು ಸುತ್ತು. ಬಿಡುವಾಗ ಪಟ್ಟಿ ಟಪ್ ಅಂತ ಹೋಗಬಾರದು, ನಿಧಾನಕ್ಕೆ ಹೋಗಬೇಕು. ಪಟ್ಟಿ ಸಿಗದವರು ಹಳೇ ಸೈಕಲ್ ಟ್ಯೂಬು ಸೀಳಿ ಮಾಡಿಕೊಳ್ಳಬಹುದು. ಗೌಡರದ್ದು ಅದೇ. ಬಿರುಕು ಬಿಟ್ಟಿದೆಯಾ ಅಂತ ಪ್ರತಿಸಲ ನೋಡಿಕೊಳ್ಳಿ, ಹರಿದರೆ ಮುಖಕ್ಕೇ ಬಡಿಯುತ್ತದೆ.

ಎರಡನೆಯದು, ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಮಾತ್ರ ಹೊರಕ್ಕೆ ತಿರುಗಿಸಿ ಪಟ್ಟಿ ಎಳೆಯುವುದು. ಮೊಣಕೈ ಪಕ್ಕೆಯಿಂದ ಆಚೆ ಹೋಗದಿರಲೆಂದು ನಡುವೆ ಒಂದು ಮಡಿಚಿದ ಟವೆಲ್ ಇಟ್ಟುಕೊಳ್ಳಿ. ಟವೆಲ್ ಬಿದ್ದರೆ ತಪ್ಪಾಗುತ್ತಿದೆ ಅಂತ ಅರ್ಥ. ನೋಡಲು ಮಕ್ಕಳಾಟಿಕೆ, ಭುಜದ ಒಳಗಿನ ಸಣ್ಣ ಸ್ನಾಯುಗಳಿಗೆ ಇದೇ ದೊಡ್ಡ ಕೆಲಸ. ಮೂರನೆಯದು ಎದೆ ಬಿಚ್ಚುವುದು: ಬಾಗಿಲ ದಾರಂದಕ್ಕೆ ಮುಂಗೈ ಒತ್ತಿ ಕುರ್ಚಿಯನ್ನು ನಾಲ್ಕು ಬೆರಳಿನಷ್ಟು ಮುಂದೆ ಸರಿಸಿ, ಎದೆಯ ಮುಂದೆ ಎಳೆತ ಗೊತ್ತಾಗುವಲ್ಲಿ ಅರ್ಧ ನಿಮಿಷ ನಿಲ್ಲುವುದು. ಇದರಲ್ಲಿ ನೋವು ಬರಬಾರದು, ಎಳೆತ ಮಾತ್ರ.

ಇನ್ನು ದಮ್ಮು ಕಟ್ಟುವ ಭಾಗ. ಬೆನ್ನುಹುರಿ ಪೆಟ್ಟಿನವರಿಗೆಂದೇ ಹಲವು ದೇಶಗಳ ತಜ್ಞರು ಸೇರಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದೆ. ಅದರಲ್ಲಿ ಕೇಳುವುದು ತುಂಬ ಕಡಿಮೆ: ವಾರಕ್ಕೆ ಎರಡು ಸಲ 20 ನಿಮಿಷ ಉಸಿರು ಏರುವ ವ್ಯಾಯಾಮ, ಎರಡು ಸಲ ಸ್ನಾಯು ಬಲದ ವ್ಯಾಯಾಮ. ಹೃದಯ, ಸಕ್ಕರೆ ಎಲ್ಲಕ್ಕೂ ಲಾಭ ಬೇಕೆಂದರೆ ಉಸಿರು ಏರುವುದು 30 ನಿಮಿಷ, ವಾರಕ್ಕೆ ಮೂರು ಸಲ. ಸಿಮೆಂಟ್ ಅಂಗಳ ಇದ್ದವರು ಕುರ್ಚಿಯನ್ನೇ ಸುತ್ತು ಹೊಡೆಸಬಹುದು. ಇಲ್ಲದವರು ಕೂತಲ್ಲೇ ಗಾಳಿಗೆ ಗುದ್ದುವುದು, ಎರಡು ಕೈಯಲ್ಲಿ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಸೈಕಲ್ ಪೆಡಲಿನ ಹಾಗೆ ತಿರುಗಿಸುವುದು. ಎಷ್ಟು ಜೋರು? ಕೈಗಡಿಯಾರದ ಎದೆಬಡಿತ ನೋಡಬೇಡಿ. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕತ್ತಿನಲ್ಲೋ ಆದವರಿಗೆ ಎದೆಬಡಿತ ನಮ್ಮ ಹಾಗೆ ಏರುವುದೇ ಇಲ್ಲ. ಮಾತಾಡಿ ನೋಡಿ. ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ ಅನ್ನುವಷ್ಟಿದ್ದರೆ ಸರಿ. ಮಾವ ಯಕ್ಷಗಾನದ ಹುಚ್ಚಿನವರು. ಅವರಿಗೆ ಮೇಡಂ ಇಟ್ಟ ಪರೀಕ್ಷೆ, ಭಾಗವತರ ಹಾಗೆ ಪದ ಎತ್ತಿ ನೋಡುವುದು. ಪದ ಸರಾಗವಾಗಿ ಬಂದರೆ 'ಇನ್ನೂ ಜೋರ್ ಮಾಡ್ರಿ' ಅಂತ ಆ ಕಡೆಯಿಂದ ಬರುತ್ತದೆ.

ಈಗ ನನ್ನ ಕಸುಬಿನ ವಿಷಯ. ಇಂಥದ್ದು ಕಂಡ ಕೂಡಲೇ ಸಾಫ್ಟ್‌ವೇರ್‌ನವರ ಕೈ ಒಂದು ಆಪ್ ಬರೆಯಲು ತುರಿಸುತ್ತದೆ. ನಾನು ಬರೆಯಲಿಲ್ಲ. ಗಾಲಿಕುರ್ಚಿಯ ವ್ಯಾಯಾಮದ ವೀಡಿಯೊಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹಗುರದ ಕುರ್ಚಿ, ನುಣುಪು ನೆಲ, ಅಗಲ ಬಾಗಿಲು, ಹಿಂದೆ ಜೋರು ಸಂಗೀತ. ನಮ್ಮಲ್ಲಿ ಶಿಬಿರದಲ್ಲಿ ಕೊಟ್ಟ ಭಾರದ ಮಡಚುವ ಕುರ್ಚಿ, ಅಂಗೈ ಎತ್ತರದ ಹೊಸ್ತಿಲು. ಅದಿರಲಿ, ನೇರ ವೀಡಿಯೊ ಕರೆಗೆ ಸೆಕೆಂಡಿಗೆ ನೂರಾರು ಕಿಲೋಬಿಟ್ ಬೇಕು, ಧ್ವನಿಗೆ ಕೆಲವು ಹತ್ತು ಸಾಕು. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಅದೂ ಇಲ್ಲ. ಲಾಕ್‌ಡೌನಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೆಲಸ ಮಾಡಿದ ಹುಡುಗರ ಚಿತ್ರ ನೀವೂ ನೋಡಿರುತ್ತೀರಿ. ಗಾಲಿಕುರ್ಚಿಯವರಿಗೆ ಗುಡ್ಡ ಹತ್ತಿ ಅನ್ನಲಾದೀತೆ?

ಆದ್ದರಿಂದ ನಮ್ಮ ಪದ್ಧತಿ ಹಳೇ ಕಾಲದ್ದು. ಮಂಗಳವಾರ, ಶುಕ್ರವಾರ ಬೆಳಗ್ಗೆ ಏಳೂವರೆಗೆ ಸಾದಾ ಫೋನಿನ ಕಾನ್ಫರೆನ್ಸ್ ಕರೆ. ಇಂಟರ್ನೆಟ್ ಬೇಡ. ಸ್ಪೀಕರ್ ಹಾಕಿ ಫೋನನ್ನು ಕಿಟಕಿಯಲ್ಲಿ ಇಡುವುದು. ಮೇಡಂ ಎಣಿಸುತ್ತಾರೆ, ಮೂವರೂ ಎಣಿಸುತ್ತಾರೆ. ವಾರಕ್ಕೊಮ್ಮೆ ಮನೆಯವರು ಮೂವತ್ತು ಸೆಕೆಂಡಿನ ವೀಡಿಯೊ ತೆಗೆದಿಡುತ್ತಾರೆ, ಒಂದು ಪಕ್ಕದಿಂದ, ಒಂದು ಹಿಂದಿನಿಂದ. ಮುಂದಿನಿಂದ ತೆಗೆದದ್ದು ಪ್ರಯೋಜನ ಇಲ್ಲ, ಹೆಗಲ ಹಲಗೆ ಕಾಣುವುದಿಲ್ಲ. ರಾತ್ರಿ ನೆಟ್ ಬಂದಾಗ ಅದು ಹೋಗುತ್ತದೆ, ಮರುದಿನ ಅವರ ಧ್ವನಿ ಸಂದೇಶ ಬರುತ್ತದೆ: 'ಗೌಡ್ರ, ಎಡಗಡೆ ಭುಜ ಕಿವೀಗೆ ಹತ್ತಲಿಕತ್ತೇತಿ, ಇಳಸ್ರಿ.' ನಮ್ಮ ಕಸುಬಿನಲ್ಲಿ ತಕ್ಷಣ ಬಂದದ್ದೇ ಒಳ್ಳೆಯದು ಅನ್ನುವ ನಂಬಿಕೆ ಇದೆ. ಇಲ್ಲಿ ಒಂದು ದಿನ ತಡವಾಗಿ, ಆದರೆ ಸರಿಯಾಗಿ ನೋಡಿ ಬಂದ ಮಾತು ಹರಿದು ಹರಿದು ಕಾಣುವ ನೇರ ವೀಡಿಯೊಗಿಂತ ಹೆಚ್ಚು ಕೆಲಸ ಮಾಡಿದೆ.

ಆದರೆ ಶುರು ಫೋನಿನಲ್ಲಿ ಆಗಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೂವರನ್ನೂ ಮೇಡಂ ಮೊದಲು ಕೈಮುಟ್ಟಿ ನೋಡಿದ್ದಾರೆ. ಯಾವ ಮಟ್ಟದಲ್ಲಿ ಪೆಟ್ಟು, ಸ್ಪರ್ಶ ಎಲ್ಲಿಂದ ಇಲ್ಲ, ಯಾವ ಕೀಲು ಬಿಗಿದಿದೆ, ಹಿಂಬದಿಯ ಚರ್ಮ ಹೇಗಿದೆ, ಕುರ್ಚಿ ಅಳತೆಗೆ ಸರಿಯಿದೆಯೇ. ಗೌಡರ ಕುರ್ಚಿಯ ಅಗಲ ಜಾಸ್ತಿ ಇತ್ತು, ಗಾಲಿ ಮುಟ್ಟಲು ತೋಳು ರೆಕ್ಕೆಯ ಹಾಗೆ ಅಗಲಿಸಬೇಕಾಗಿತ್ತು. ಪಕ್ಕಕ್ಕೆ ಗಟ್ಟಿ ಸ್ಪಂಜು ಕೊಟ್ಟು ಸರಿಮಾಡಿದರು. ಅದು ಹಾಗೇ ಇದ್ದಿದ್ದರೆ ಎಷ್ಟು ಪಟ್ಟಿ ಎಳೆದರೂ ಭುಜದ ನೋವು ಹೋಗುತ್ತಿರಲಿಲ್ಲ. ಯಾರೋ ಎಲ್ಲಿಯೋ ಕೂತು ಎಲ್ಲರಿಗೂ ಒಂದೇ ಪಟ್ಟಿ ಕಳಿಸುವ ಕಾರ್ಯಕ್ರಮ ಅಂದರೆ ನಾನು ದೂರ.

ಅಪಾಯದ ವಿಷಯ ಕೂಡ ಹೇಳಿಬಿಡಬೇಕು, ಯಾಕೆಂದರೆ ಆ ಹೊತ್ತಿಗೆ ಫೋನಿನಾಚೆಯವರು ಕೈಚಾಚಿ ಹಿಡಿಯಲಾರರು. ಎದೆಯ ಆರನೇ ಎಲುಬಿನಿಂದ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದ ಹಾಗೆ ರಕ್ತದೊತ್ತಡ ಏರುವುದುಂಟು. ತಲೆ ಒಡೆದುಹೋಗುವಂಥ ನೋವು, ಮುಖ ಕೆಂಪು, ಮೇಲ್ಮೈಯಲ್ಲಿ ಬೆವರು. ಹೆಚ್ಚಿನ ಸಲ ಕಾರಣ ಸಣ್ಣದು: ಮೂತ್ರಕೋಶ ತುಂಬಿದೆ, ನಳಿಗೆ ಮಡಚಿದೆ, ಮಲ ಕಟ್ಟಿದೆ, ಎಲ್ಲೋ ಬಟ್ಟೆ ಬಿಗಿದಿದೆ. ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ಬಟ್ಟೆ ಸಡಿಲಿಸಿ ನಳಿಗೆ ನೋಡಬೇಕು. ಇಳಿಯದಿದ್ದರೆ ಕಾಯದೆ ಆಸ್ಪತ್ರೆ. ಅಲ್ಲಿ ಡಾಕ್ಟರಿಗೆ ಬೆನ್ನುಹುರಿ ಪೆಟ್ಟಿನವರು ಎಂದು ಮೊದಲೇ ಹೇಳಬೇಕು. ವ್ಯಾಯಾಮಕ್ಕೆ ಮುಂಚೆ ಮೂತ್ರಕೋಶ ಖಾಲಿ ಮಾಡಿಕೊಳ್ಳಿ ಅನ್ನುವುದು ಇದಕ್ಕೇ. ಇದೇ ಜನಕ್ಕೆ ಪೆಟ್ಟಿನ ಕೆಳಗೆ ಬೆವರುವುದಿಲ್ಲ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮುಂಚೆ ಮುಗಿಸಿ, ಹತ್ತಿರ ಒದ್ದೆ ಬಟ್ಟೆ ಇಟ್ಟುಕೊಳ್ಳಬೇಕು.

ಎರಡನೆಯದು ನಮ್ಮವರ ಎಣ್ಣೆ ಪ್ರೀತಿ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದರೆ ಬಲ ಬರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಬಲ ಬರುವುದಿಲ್ಲ, ಮೆತ್ತಗೆ ಹಚ್ಚಿದರೆ ತೊಂದರೆಯೂ ಇಲ್ಲ. ಆದರೆ ಒಂದು ಕಾಲು ಮಾತ್ರ ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ಮುಟ್ಟಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಮೂಳೆ ಮುರಿದಿರಲೂಬಹುದು. ಭಾರ ಬೀಳದ ಕಾಲಿನ ಮೂಳೆ ಟೊಳ್ಳಾಗುತ್ತದೆ, ಜೋರಾಗಿ ಮಡಚಿದರೇ ಮುರಿಯುತ್ತದೆ, ನೋವೂ ಗೊತ್ತಾಗುವುದಿಲ್ಲ. ಬಚ್ಚಲುಮನೆಯ ಹಂಡೆಯ ನೀರು ಇನ್ನೊಂದು. ಸ್ಪರ್ಶ ಇರುವ ಕೈಯಲ್ಲಿ ನೋಡಿಯೇ ಕಾಲಿಗೆ ಹೊಯ್ಯಬೇಕು.

ಮೂರನೆಯದು, ಮತ್ತು ಎಲ್ಲಕ್ಕಿಂತ ಕೆಟ್ಟದ್ದು, ಕೂತಲ್ಲೇ ಆಗುವ ಒತ್ತಡದ ಹುಣ್ಣು. ಇದಕ್ಕೆ ಮದ್ದಿಗಿಂತ ಅಭ್ಯಾಸ ದೊಡ್ಡದು. ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಮುಂದಕ್ಕೆ ತೊಡೆಯ ಮೇಲೆ ಬಾಗಿ ಒಂದೆರಡು ನಿಮಿಷ ಹಾಗೇ ಇರುವುದು, ಇಲ್ಲವೇ ಒಂದೊಂದು ಪಕ್ಕಕ್ಕೆ ವಾಲುವುದು. ಕೈಯೂರಿ ಮೈ ಎತ್ತುವ ಹಳೇ ಕ್ರಮ ಭುಜಕ್ಕೆ ಭಾರ, ಅಷ್ಟು ಹೊತ್ತು ಎತ್ತಿ ಹಿಡಿಯಲೂ ಆಗುವುದಿಲ್ಲ. ಹೊಲಿಗೆ ಹುಡುಗಿಗೆ ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ. ಅವಳು ಎರಡೇ ದಿನದಲ್ಲಿ ಆಫ್ ಮಾಡಿ ತನ್ನದೇ ಲೆಕ್ಕ ಮಾಡಿಕೊಂಡಳು: ರವಿಕೆಯ ಒಂದು ತೋಳು ಮುಗಿದರೆ ಒಂದು ಸಲ ಬಾಗುವುದು. ರಾತ್ರಿ ಕನ್ನಡಿ ಹಿಡಿದು ಹಿಂಬದಿಯ ಚರ್ಮ ನೋಡಿಕೊಳ್ಳುತ್ತಾಳೆ. ನನ್ನ ಅಲಾರಮ್ಮಿಗಿಂತ ಅವಳ ರವಿಕೆಯ ಗಡಿಯಾರ ಚೆನ್ನಾಗಿ ನಡೆದಿದೆ.

ಇದು ಹುಟ್ಟಿದ ಜಾಗವನ್ನೂ ನೆನೆಯಬೇಕು. ಬ್ರಿಟನ್ನಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರು ಬೆನ್ನುಹುರಿ ವಿಭಾಗ ತೆರೆದಾಗ ಇಂಥ ರೋಗಿಗಳು ಬದುಕುವುದೇ ಕಡಿಮೆ ಎಂದು ಎಲ್ಲರೂ ಬಿಟ್ಟಿದ್ದರು. ಹುಣ್ಣು ಇಲ್ಲವೇ ಮೂತ್ರದ ಸೋಂಕು ಕೊಲ್ಲುತ್ತಿತ್ತು. ಅವರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನಿಯಮ ತಂದರು, ಆಟ ಆಡಿಸಿದರು. ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, 1948ರ ಜುಲೈ 29ರಂದು, ಆಸ್ಪತ್ರೆಯ ಹುಲ್ಲುಹಾಸಿನಲ್ಲಿ 16 ಜನ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಎಳೆದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಬಿಲ್ಲು ಅಂದರೆ ಏನು? ಅದೇ ಎಳೆಯುವ ಸ್ನಾಯು. ನಮ್ಮಲ್ಲೂ ಪೋಲಿಯೊ ಆದ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲಿ ಓಡಿ, ಎಸೆದು ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಅವರ ಹೆಸರನ್ನು ಗೌಡರಿಗೆ ಹೇಳಿದ್ದಕ್ಕೆ 'ಅವರಿಗೆ ಅಂಗಳ ಸಪಾಟಿತ್ತೇನೋ' ಅಂದರು. ಸ್ಫೂರ್ತಿಯ ಕತೆಗಳಿಗೆ ನಮ್ಮ ಗೌಡರ ಉತ್ತರ ಯಾವಾಗಲೂ ಹೀಗೇ.

ಮನೆಯವರ ಬಗ್ಗೆ ಹೇಳದೆ ಇದ್ದರೆ ಅರ್ಧವೇ ಹೇಳಿದಂತೆ. ಅತ್ತೆ ಮೊದಲ ವಾರ ಬಾಗಿಲಲ್ಲಿ ನಿಂತು 'ಎಂತಕ್ಕೆ ಅವ್ರತ್ರ ಇದೆಲ್ಲ ಮಾಡಸ್ತ್ಯೋ ತಮಾ, ಪಾಪ' ಅನ್ನುತ್ತಿದ್ದರು. ಮಾವ ಕೈಚಾಚುವ ಮೊದಲೇ ಲೋಟ ಬರುತ್ತಿತ್ತು, ಕುರ್ಚಿಗೆ ಕೈಯಿಡುವ ಮೊದಲೇ ಯಾರೋ ನೂಕುತ್ತಿದ್ದರು. ಪ್ರೀತಿಯೇ, ಅನುಮಾನವಿಲ್ಲ. ಆದರೆ ಆ 'ಪಾಪ' ಅನ್ನುವ ಎರಡಕ್ಷರ ಮಾವನ ತೋಳಿನ ಬಲವನ್ನು ಬಿದ್ದ ಏಟಿಗಿಂತ ಹೆಚ್ಚೇ ತಿಂದಿತ್ತು. ಮೇಡಂ ಜಾಣರು. ಅತ್ತೆಗೇ ಕೆಲಸ ಹಚ್ಚಿದರು: ಎಣಿಸುವುದು, ಪಟ್ಟಿಯ ಗಂಟು ನೋಡುವುದು, ವೀಡಿಯೊ ತೆಗೆಯುವುದು. ಈಗ ಹತ್ತಕ್ಕೆ ಒಂಬತ್ತು ಮಾಡಿ ಮಾವ ಬಿಟ್ಟರೆ ಬಯ್ಯುವವರು ಅತ್ತೆಯೇ.

ಗೌಡರ ಭುಜ? ನಾಲ್ಕು ತಿಂಗಳು ಹಿಡಿಯಿತು. ಪವಾಡ ಏನಿಲ್ಲ. ಈಗಲೂ ಮಳೆ ಹಿಡಿದಾಗ ನೋಯುತ್ತದೆ ಅನ್ನುತ್ತಾರೆ. ಆದರೆ ಎಡ ಮಗ್ಗುಲಿಗೆ ಮಲಗುತ್ತಾರೆ, ಮರದ ಜಾರುಹಲಗೆ ಇಟ್ಟುಕೊಂಡು ಹಾಸಿಗೆಯಿಂದ ಕುರ್ಚಿಗೆ ಸ್ವಂತ ಬರುತ್ತಾರೆ. ಮಗ ಕಳೆದ ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೋದ.

ಇದು ನನ್ನಂಥ ಮೂರುಮನೆಯ ಉಸಾಬರಿಯಾಗಿ ಉಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ 1959ರಲ್ಲೇ ಎನ್. ಎಸ್. ಹೇಮಾ ಅವರು ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಬೆನ್ನುಹುರಿ ಪೆಟ್ಟಿನವರಿಗೆಂದೇ ನಡೆಯುತ್ತಿದೆ. ಕಲಿಸುವವರಿಗೆ ಬರವಿಲ್ಲ ಅನ್ನುವುದಕ್ಕೆ ಹೇಳಿದೆ. ಬರ ಇರುವುದು ಮನೆಯ ಈ ತುದಿಯಲ್ಲಿ. ಆದರೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಬಹುಪಾಲು ಅವರೇ ಅಂಗವಿಕಲರು. ಕಡಿಮೆ ಗೌರವಧನಕ್ಕೆ ಪಿಂಚಣಿ ಅರ್ಜಿ, ಗುರುತಿನ ಚೀಟಿ ಅಂತ ಓಡಾಡುತ್ತಿರುತ್ತಾರೆ. ಇವರಿಗೆ ಭುಜ ನೋಡುವುದು, ಪಟ್ಟಿ ಕಟ್ಟುವುದು, ಹುಣ್ಣಿನ ಮೊದಲ ಕೆಂಪು ಗುರುತಿಸುವುದು ಕಲಿಸಿ, ಆ ಕೆಲಸಕ್ಕೆ ಬೇರೆ ಹಣ ಕೊಟ್ಟರೆ ದೂರದ ಫಿಸಿಯೋಥೆರಪಿಸ್ಟಿಗೆ ಊರಲ್ಲೊಂದು ಕೈ ಸಿಕ್ಕ ಹಾಗೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ. 5 ಅಂಗವಿಕಲರಿಗೆ ಮೀಸಲು. ಅದರಲ್ಲಿ ಹೊಸ್ತಿಲಿಗೊಂದು ಇಳಿಜಾರು, ಒಳ್ಳೆ ದಿಂಬು, ಎರಡು ರಬ್ಬರ್ ಪಟ್ಟಿ ಕೇಳಬಹುದು. ಗ್ರಾಮಸಭೆಯಲ್ಲಿ ಕೇಳಿ, ಬರವಣಿಗೆಯಲ್ಲಿ ಕೇಳಿ.

ಮಳೆಗಾಲಕ್ಕೆ ನಾವು ಈಗಲೇ ತಯಾರಿ ಮಾಡಿಕೊಳ್ಳುತ್ತಿದ್ದೇವೆ. ಜೂನ್ ಬಂತೆಂದರೆ ಅಂಗಳ ಕೆಸರು, ಕುರ್ಚಿ ಜಗಲಿ ಬಿಟ್ಟು ಇಳಿಯುವುದಿಲ್ಲ, ದಿನಗಟ್ಟಲೆ ಫೋನ್ ಸತ್ತಿರುತ್ತದೆ. ಹಾಗಾಗಿ ಮೇಡಂ ಇಪ್ಪತ್ತು ನಿಮಿಷದ ಎಣಿಕೆಯನ್ನು ಧ್ವನಿಮುದ್ರಣ ಮಾಡಿ ಕಳಿಸಿದ್ದಾರೆ, ಮೂರು ಮನೆಯ ಮೆಮೊರಿ ಕಾರ್ಡಿಗೂ ಹಾಕಿ ಕೊಟ್ಟಿದ್ದೇನೆ. ನಡುನಡುವೆ ಮೂವರನ್ನೂ ಹೆಸರು ಹಿಡಿದು ಬಯ್ದಿದ್ದಾರೆ. ಗೌಡರ ಎಡಭುಜ ಮಾತ್ರ ನಾಲ್ಕು ಸಲ ಬಂದಿದೆ.